‘ಮಲಗುವ ಮೊದಲು ಹಚ್ಚಿ’: ಸ್ತ್ರೀವೇಷದ ಹುಡುಗನೊಬ್ಬನ ಮೊಡವೆ ಚಿಕಿತ್ಸೆಯ ಪ್ರಕರಣ

ವೈದ್ಯರು ಮೊಡವೆಗೆಂದು ಬರೆದುಕೊಟ್ಟ ಜೆಲ್ಲನ್ನು 20 ವರ್ಷದ ಯುವಕನೊಬ್ಬ 33 ದಿನ ಹಚ್ಚಿ ಮುಖ ಕೆಡಿಸಿಕೊಂಡ. ಮುಂದೆ ಅದೇ ಜೆಲ್ಲಿನಿಂದ ಅವನ ಮೊಡವೆ ಇಳಿಯಿತು. ಈ ನಡುವೆ ಔಷಧ ಬದಲಾಗಲಿಲ್ಲ. ಅದರ ಪ್ರಮಾಣ, ಹಚ್ಚುವ ಹೊತ್ತು, ಹಚ್ಚುವಾಗ ಚರ್ಮ ಇದ್ದ ಸ್ಥಿತಿ ಇವಿಷ್ಟೇ ಬದಲಾದವು. ನಾನು ಉಡುಪಿಯಲ್ಲಿ ಮೆಡಿಕಲ್ ಅಂಗಡಿ ನಡೆಸುವ ಫಾರ್ಮಸಿಸ್ಟ್. ಮೊದಲ ಟ್ಯೂಬನ್ನು ಅವನ ಕೈಗೆ ಕೊಟ್ಟವಳು ನಾನೇ ಆದ್ದರಿಂದ, ಆದದ್ದರಲ್ಲಿ ನನ್ನ ಪಾಲು ಎಷ್ಟಿತ್ತು ಎಂಬುದನ್ನೂ ಇಲ್ಲಿ ಬರೆಯಬೇಕಾಗಿದೆ. ಅವನು, ಅವನ ತಾಯಿ ಮತ್ತು ಚಿಕಿತ್ಸೆ ನೀಡಿದ ಚರ್ಮರೋಗ ತಜ್ಞೆ ಈ ಬರಹಕ್ಕೆ ಒಪ್ಪಿದ್ದಾರೆ. ಗುರುತು ಹತ್ತುವಂಥ ವಿವರಗಳನ್ನು ಬಿಟ್ಟಿದ್ದೇನೆ.

ಅವನ ಮನೆ ಬ್ರಹ್ಮಾವರದಿಂದ ಒಳಕ್ಕೆ. ಓದುವುದು ಉಡುಪಿಯಲ್ಲಿ, ಪದವಿಯ ಎರಡನೆಯ ವರ್ಷ. ಚಿಕ್ಕಂದಿನಲ್ಲೇ ಯಕ್ಷಗಾನದ ಬಡಗುತಿಟ್ಟಿನ (ಉತ್ತರದ ಶೈಲಿಯ) ಹೆಜ್ಜೆ ಕಲಿತವನು, ಈಗ ಹವ್ಯಾಸಿ ತಂಡವೊಂದರಲ್ಲಿ ಸ್ತ್ರೀವೇಷ ಮಾಡುತ್ತಾನೆ. ಈ ವಿವರವನ್ನು ಪರಿಚಯಕ್ಕಾಗಿ ಮಾತ್ರ ಹೇಳುತ್ತಿಲ್ಲ. ಸ್ತ್ರೀವೇಷದವನು ಬಣ್ಣಕ್ಕೆ ಕೂರುವ ಮೊದಲು ಗಡ್ಡ ಮೀಸೆಯ ಬುಡವೂ ಕಾಣದಂತೆ ಕ್ಷೌರ ಮಾಡಿಕೊಳ್ಳಬೇಕು. ಬಣ್ಣ ಕೂರಲೆಂದು ಮುಖಕ್ಕೆ ತೆಂಗಿನೆಣ್ಣೆ ಸವರಬೇಕು. ಬಣ್ಣದ ಪುಡಿಗಳನ್ನು ಕಲಸುವುದೂ ಎಣ್ಣೆಯಲ್ಲಿಯೇ, ಆಟ (ಯಕ್ಷಗಾನ ಪ್ರದರ್ಶನ) ಮುಗಿದ ಮೇಲೆ ಬಣ್ಣ ಬಿಡಿಸುವುದೂ ಎಣ್ಣೆಯಿಂದಲೇ. ಕರಾವಳಿಯ ಸೆಕೆಯಲ್ಲಿ, ದೀಪದ ಬಿಸಿಯಲ್ಲಿ, ಬೆವರುವ ಮುಖದ ಮೇಲೆ ಆ ಲೇಪ ಗಂಟೆಗಟ್ಟಲೆ ಕೂತಿರುತ್ತದೆ. ತೆಂಗಿನೆಣ್ಣೆಗೆ ರೋಮಕೂಪದ ಬಾಯಿಯನ್ನು ಕಟ್ಟುವ ಗುಣವಿದೆ. ಮೊಡವೆ ಬರುವ ಮೈಯವರಿಗೆ ಅದು ಒಗ್ಗುವುದು ಕಡಿಮೆ. 17ನೇ ವಯಸ್ಸಿನಲ್ಲಿ ಕೆನ್ನೆಯಲ್ಲಿ ಶುರುವಾದ ಅವನ ಮೊಡವೆ ಪ್ರತಿ ವರ್ಷ ದೀಪಾವಳಿ ಕಳೆದು ಆಟಗಳು ಹೆಚ್ಚಾದಂತೆ ಹೆಚ್ಚಾಗುತ್ತಿತ್ತು, ಮಳೆಗಾಲದಲ್ಲಿ ತುಸು ಇಳಿಯುತ್ತಿತ್ತು. ಆದರೆ ಈ ಹೊಂದಿಕೆಯನ್ನು ಅವನು ಯಾರಿಗೂ ಹೇಳಿರಲಿಲ್ಲ, ಯಾರೂ ಕೇಳಿರಲೂ ಇಲ್ಲ.

ನವೆಂಬರ್ ಎರಡನೆಯ ವಾರದಲ್ಲಿ ಅವನು ಚರ್ಮರೋಗ ತಜ್ಞೆಯ ಬಳಿ ಹೋದ. ಹಣೆ, ಕೆನ್ನೆ, ಗಲ್ಲದಲ್ಲಿ ಮುಚ್ಚಿದ ಬಿಳಿ ಗುಳ್ಳೆಗಳು, ತೆರೆದ ಕಪ್ಪು ಚುಕ್ಕೆಗಳು, ಅಲ್ಲಲ್ಲಿ ಕೆಂಪು ಮೊಡವೆಗಳು ಇದ್ದವು. ಆಳದ ಗಂಟುಗಳಾಗಲಿ ಕುಳಿಗಳಾಗಲಿ ಇರಲಿಲ್ಲ. ಈ ಹಂತಕ್ಕೆ ಮಾತ್ರೆ ಬೇಡವೆಂದು ನಿರ್ಧರಿಸಿ ಅವರು ಶೇ 0.1 ಅಡಾಪಲೀನ್ ಮತ್ತು ಶೇ 2.5 ಬೆಂಜಾಯಿಲ್ ಪೆರಾಕ್ಸೈಡ್ ಕೂಡಿದ 15 ಗ್ರಾಂ ಜೆಲ್, ಒಂದು ಮೃದುವಾದ ಫೇಸ್‌ವಾಶ್, ಒಂದು ಮಾಯಿಶ್ಚರೈಸರ್ ಬರೆದರು. ಜೆಲ್ಲಿನ ಮುಂದೆ ‘ತೆಳುವಾಗಿ, ಎಚ್.ಎಸ್.’ ಎಂದಿತ್ತು. ಎಚ್.ಎಸ್. ಎಂದರೆ ಮಲಗುವ ಹೊತ್ತಿಗೆ. ವೈದ್ಯರೂ ಔಷಧದಂಗಡಿಯವರೂ ಲ್ಯಾಟಿನ್ನಿನಿಂದ ಬಂದ ಈ ಎರಡಕ್ಷರವನ್ನು ದಿನಕ್ಕೆ ಹತ್ತಾರು ಬಾರಿ ಬರೆಯುತ್ತೇವೆ, ಓದುತ್ತೇವೆ.

ಅವನು ಚೀಟಿ ಹಿಡಿದು ನನ್ನಲ್ಲಿಗೆ ಬಂದದ್ದು ಸಂಜೆ ಏಳರ ಸುಮಾರಿಗೆ. ಕೌಂಟರಿನ ಮುಂದೆ ಐದಾರು ಮಂದಿ ಕಾಯುತ್ತಿದ್ದರು. ನಾನು ಜೆಲ್ ಮತ್ತು ಫೇಸ್‌ವಾಶ್ ತೆಗೆದಿಟ್ಟೆ. ಮಾಯಿಶ್ಚರೈಸರ್ ಬೇಕೇ ಎಂದು ಕೇಳಿದಾಗ ಅವನು, ಮುಖ ಮೊದಲೇ ಎಣ್ಣೆಯೆಣ್ಣೆ, ಅದು ಬೇಡ ಎಂದ, ನಾನು ಒತ್ತಾಯಿಸಲಿಲ್ಲ. “ರಾತ್ರಿ ಮಲಗುವ ಮೊದಲು ಹಚ್ಚಿ” ಎಂದಷ್ಟೇ ಹೇಳಿ ಬಿಲ್ ಮಾಡಿದೆ. ಎಷ್ಟು ಹಚ್ಚಬೇಕು, ಎಲ್ಲಿ ಹಚ್ಚಬೇಕು, ಉರಿದರೆ ಏನು ಮಾಡಬೇಕು, ಎಷ್ಟು ವಾರ ಕಾಯಬೇಕು ಎಂಬ ಯಾವ ಮಾತೂ ನನ್ನ ಬಾಯಿಂದ ಬರಲಿಲ್ಲ. ಪೆಟ್ಟಿಗೆಯೊಳಗಿನ ಕಾಗದದಲ್ಲಿ ಎಲ್ಲವೂ ಇತ್ತು, ಇಂಗ್ಲಿಷಿನಲ್ಲಿ, ಸಾಸಿವೆಯಷ್ಟು ಸಣ್ಣ ಅಕ್ಷರದಲ್ಲಿ. ಅದನ್ನು ಅವನು ಓದುವುದಿಲ್ಲ ಎಂದು ನನಗೆ ಗೊತ್ತಿರಬೇಕಿತ್ತು.

ಈ ಜೆಲ್ ಮಾಡುವ ಕೆಲಸವನ್ನು ಸ್ವಲ್ಪ ವಿವರವಾಗಿ ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಪ್ರತಿ ರೋಮಕೂಪಕ್ಕೂ ಎಣ್ಣೆ ಸ್ರವಿಸುವ ಗ್ರಂಥಿಯೊಂದು ಅಂಟಿಕೊಂಡಿದೆ. ಹರೆಯದ ಹಾರ್ಮೋನುಗಳಿಂದ ಆ ಎಣ್ಣೆ ಹೆಚ್ಚುತ್ತದೆ. ಅದೇ ವೇಳೆಗೆ ರೋಮಕೂಪದ ಒಳಗೋಡೆಯ ಜೀವಕೋಶಗಳು ಸರಿಯಾಗಿ ಉದುರದೆ ಒಂದಕ್ಕೊಂದು ಅಂಟಿಕೊಂಡು ಬೆಣೆಯಂತೆ ಬಾಯಿ ಮುಚ್ಚುತ್ತವೆ. ಒಳಗೆ ಸಿಕ್ಕಿಬಿದ್ದ ಎಣ್ಣೆಯಲ್ಲಿ ಕ್ಯೂಟಿಬ್ಯಾಕ್ಟೀರಿಯಂ ಆಕ್ನೆಸ್ ಎಂಬ ಬ್ಯಾಕ್ಟೀರಿಯಾ ಬೆಳೆಯುತ್ತದೆ, ದೇಹ ಅದಕ್ಕೆ ಪ್ರತಿಕ್ರಿಯಿಸಿದಾಗ ಕೆಂಪು, ನೋವು, ಕೀವು ಬರುತ್ತವೆ. ಎಂದರೆ ಕನ್ನಡಿಯಲ್ಲಿ ಇಂದು ಕಾಣುವ ಮೊಡವೆ ಇಂದು ಹುಟ್ಟಿದ್ದಲ್ಲ. ಕಣ್ಣಿಗೆ ಕಾಣದ ಬೆಣೆಯಾಗಿ ವಾರಗಳ ಹಿಂದೆಯೇ ಅದರ ಆರಂಭವಾಗಿರುತ್ತದೆ. ಅಡಾಪಲೀನ್ ಎ ಜೀವಸತ್ವದಂತೆ ಕೆಲಸ ಮಾಡುವ ರೆಟಿನಾಯ್ಡ್ ಗುಂಪಿನ ಔಷಧ. ಅದು ಜೀವಕೋಶಗಳು ಉದುರುವ ಕ್ರಮವನ್ನು ಸರಿಪಡಿಸಿ ಹೊಸ ಬೆಣೆಗಳು ಕಟ್ಟಿಕೊಳ್ಳದಂತೆ ನೋಡಿಕೊಳ್ಳುತ್ತದೆ. ಬೆಂಜಾಯಿಲ್ ಪೆರಾಕ್ಸೈಡ್ ಆಮ್ಲಜನಕ ಬಿಡುಗಡೆ ಮಾಡಿ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆ. ಕ್ಲಿಂಡಾಮೈಸಿನ್‌ನಂಥ ಪ್ರತಿಜೀವಕದ ಜೆಲ್ಲನ್ನು ಒಂಟಿಯಾಗಿ ತಿಂಗಳುಗಟ್ಟಲೆ ಹಚ್ಚಿದರೆ ಬ್ಯಾಕ್ಟೀರಿಯಾ ಅದಕ್ಕೆ ಬಗ್ಗದಂತಾಗುವ ಅಪಾಯವಿದೆ. ಪೆರಾಕ್ಸೈಡಿಗೆ ಆ ತೊಂದರೆಯಿಲ್ಲ. ಶೇ 10ರ ಪೆರಾಕ್ಸೈಡಿಗೂ ಶೇ 2.5ಕ್ಕೂ ಗುಣದಲ್ಲಿ ಹೇಳುವಷ್ಟು ಅಂತರವಿಲ್ಲ, ಉರಿಯಲ್ಲಿ ಮಾತ್ರ ಬಹಳ ಅಂತರವಿದೆ.

ಇದರಿಂದ ಎರಡು ಸಂಗತಿಗಳು ಹೊರಡುತ್ತವೆ. ಈ ಜೆಲ್ಲನ್ನು ಎದ್ದ ಮೊಡವೆಯ ತಲೆಗೆ ಮಾತ್ರ ಒತ್ತಿದರೆ ಪ್ರಯೋಜನ ಕಡಿಮೆ, ಮೊಡವೆ ಬರುವ ಇಡೀ ಜಾಗಕ್ಕೆ ತೆಳುವಾಗಿ ಹರಡಬೇಕು. ಮತ್ತು ಫಲ ಕಾಣಲು 8ರಿಂದ 12 ವಾರ ಹಿಡಿಯುತ್ತದೆ, ಏಕೆಂದರೆ ಈಗಾಗಲೇ ಕಟ್ಟಿಕೊಂಡ ಬೆಣೆಗಳು ಹೊರಬಂದು ಮುಗಿಯಬೇಕು. ಉರಿ ಮತ್ತು ಸಿಪ್ಪೆ ಏಳುವುದು ಮಾತ್ರ ಮೊದಲ ವಾರದಿಂದಲೇ ಶುರುವಾಗುತ್ತದೆ. ತೊಂದರೆ ಮೊದಲು, ಗುಣ ಆಮೇಲೆ ಎಂಬ ಈ ಅನುಕ್ರಮವನ್ನು ಮೊದಲೇ ಹೇಳದಿದ್ದರೆ ರೋಗಿ ಒಂದೋ ಟ್ಯೂಬನ್ನು ಬಿಸಾಡುತ್ತಾನೆ, ಇಲ್ಲವೇ ಸಾಲದೇನೋ ಎಂದು ಇನ್ನಷ್ಟು ಬಳಿಯುತ್ತಾನೆ. ಈ ಹುಡುಗ ಎರಡನೆಯ ಬಗೆಯವನು.

ಹದಿನೇಳನೆಯ ದಿನ ಅವನು ಎರಡನೆಯ ಟ್ಯೂಬ್ ಕೊಂಡ. ಅಂದು ನಾನು ಅಂಗಡಿಯಲ್ಲಿರಲಿಲ್ಲ. ಸಹಾಯಕ ಹುಡುಗ ಹಳೆಯ ಚೀಟಿ ನೋಡಿ ಕೊಟ್ಟಿದ್ದ. ಮೂವತ್ತಮೂರನೆಯ ದಿನ ಅವನು ಮತ್ತೆ ಬಂದಾಗ ಕೈಯಲ್ಲಿ ಬೇರೊಂದು ಮುಲಾಮಿನ ಖಾಲಿ ಪೆಟ್ಟಿಗೆಯಿತ್ತು. “ಅಕ್ಕಾ, ಇದೊಂದು ಕೊಡಿ” ಎಂದ. ಅದು ಕ್ಲೋಬೆಟಸಾಲ್ ಎಂಬ ಅತಿ ಪ್ರಬಲ ಸ್ಟೀರಾಯ್ಡನ್ನು ಪ್ರತಿಜೀವಕ ಮತ್ತು ಶಿಲೀಂಧ್ರನಾಶಕದ ಜೊತೆ ಬೆರೆಸಿದ ಬಿಳಿ ಕ್ರೀಮು, ನಮ್ಮಲ್ಲಿ ತುರಿಕೆ, ಹುಳಕಡ್ಡಿ, ಕಪ್ಪು ಕಲೆ ಎಲ್ಲದಕ್ಕೂ ಜನ ಕೇಳಿ ಕೊಳ್ಳುವಂಥದ್ದು. ಚೀಟಿ ಇರಲಿಲ್ಲ. ಇದು ಯಾರಿಗೆ ಎಂದು ಕೇಳುತ್ತಾ ನಾನು ಅವನ ಮುಖ ನೋಡಿದೆ.

ಮೂಗಿನ ಪಕ್ಕದ ಮಡಿಕೆ, ತುಟಿಯ ಅಂಚು, ಗಲ್ಲ ಕೆಂಪಾಗಿ ಬಿರಿದು ಬಿಳಿ ಸಿಪ್ಪೆ ಎದ್ದಿತ್ತು. ಕೆನ್ನೆಯ ಮೂಳೆಯ ಮೇಲೆ ಚರ್ಮ ಕಪ್ಪಿಟ್ಟಿತ್ತು. ಇವೆರಡೂ ಅಲ್ಲದ ಮೂರನೆಯದೊಂದು ಕೆಳಗೆನ್ನೆಯಲ್ಲಿ ಕಾಣುತ್ತಿತ್ತು: ಒಂದೇ ಗಾತ್ರದ, ಒಂದೇ ಬಗೆಯ ಸಣ್ಣ ಕೆಂಪು ಗುಳ್ಳೆಗಳ ಸಾಲು. ಮೊಡವೆಯಲ್ಲಿ ಸಾಮಾನ್ಯವಾಗಿ ಚಿಕ್ಕದು ದೊಡ್ಡದು, ಬಿಳಿ ಕೆಂಪು ಎಲ್ಲವೂ ಬೆರೆತಿರುತ್ತವೆ. ಅಚ್ಚಿನಲ್ಲಿ ಒತ್ತಿದಂತೆ ಎಲ್ಲವೂ ಒಂದೇ ಸಮ ಇದ್ದರೆ ಸ್ಟೀರಾಯ್ಡಿನ ಬಗ್ಗೆ ಅನುಮಾನ ಪಡಬೇಕು. ರೋಗ ನಿರ್ಣಯ ವೈದ್ಯರ ಕೆಲಸ, ನನ್ನದಲ್ಲ. ಆದರೆ ಅನುಮಾನ ಬಂದ ಮೇಲೆ ಆ ಕ್ರೀಮನ್ನು ಕೊಡದಿರುವುದು ನನ್ನ ಕೆಲಸ.

ಅವನನ್ನು ಒಳಗೆ ಕೂರಿಸಿ ಮೊದಲು ಕೇಳಿದ್ದು ತುರ್ತಿನ ಪ್ರಶ್ನೆಗಳನ್ನು: ಕಣ್ಣಿನ ರೆಪ್ಪೆ ಊದಿದೆಯೇ, ಗಂಟಲು ಬಿಗಿದಂತೆ ಆಗಿದೆಯೇ, ಉಸಿರಿಗೆ ಕಷ್ಟವೇ, ಜೆಲ್ ಹಚ್ಚದ ಜಾಗದಲ್ಲೂ ದದ್ದು ಎದ್ದಿದೆಯೇ, ಉರಿಗಿಂತ ತುರಿಕೆ ಹೆಚ್ಚೇ. ಬೆಂಜಾಯಿಲ್ ಪೆರಾಕ್ಸೈಡ್ ಅಪರೂಪಕ್ಕೆ ಕೆಲವರಲ್ಲಿ ತೀವ್ರ ಅಲರ್ಜಿ ಉಂಟುಮಾಡುತ್ತದೆ. ಆ ಲಕ್ಷಣಗಳಿದ್ದರೆ ಮಾತಿಗೆ ಕೂರದೆ ಆಸ್ಪತ್ರೆಗೆ ಓಡಬೇಕು. ಎಲ್ಲದಕ್ಕೂ ಇಲ್ಲ ಎಂಬ ಉತ್ತರ ಬಂತು. ಹಚ್ಚಿದಲ್ಲಿ ಮಾತ್ರ ಉರಿ, ನೀರು ತಾಗಿದರೆ ಚುರುಚುರು, ನಕ್ಕರೆ ತುಟಿಯ ಪಕ್ಕ ಬಿರಿಯುವುದು: ಇವು ಅಲರ್ಜಿಗಿಂತ ಹೆಚ್ಚಾಗಿ ಔಷಧ ಅತಿಯಾದಾಗ ಬರುವ ಲಕ್ಷಣಗಳು.

ಅತಿಯಾದದ್ದು ಹೇಗೆ ಎಂಬುದು ಬಿಲ್ಲುಗಳನ್ನು ನೋಡಿದಾಗ ತಿಳಿಯಿತು. ಇಡೀ ಮುಖಕ್ಕೆ ಒಂದು ಬಟಾಣಿ ಕಾಳಿನಷ್ಟು ಜೆಲ್ ಸಾಕು. ಅದನ್ನು ಸುಮಾರು ಕಾಲು ಗ್ರಾಂ ಎಂದು ಹಿಡಿದರೆ 15 ಗ್ರಾಂ ಟ್ಯೂಬ್ 60 ರಾತ್ರಿಗೆ ಬರಬೇಕು. ಲೆಕ್ಕ ಒರಟೇ, ಕೈ ತುಸು ಧಾರಾಳವಾದರೆ 45 ರಾತ್ರಿ ಎನ್ನೋಣ. ಇವನ ಮೊದಲ ಟ್ಯೂಬ್ 16 ದಿನಕ್ಕೆ ಮುಗಿದಿತ್ತು, ಎಂದರೆ ದಿನಕ್ಕೆ ಹತ್ತಿರ ಹತ್ತಿರ ಒಂದು ಗ್ರಾಂ, ಬೇಕಾದುದರ ನಾಲ್ಕು ಪಾಲು. ನನ್ನದೇ ಕಂಪ್ಯೂಟರಿನಲ್ಲಿ ಎರಡು ಬಿಲ್ಲುಗಳ ದಿನಾಂಕ ಅಕ್ಕಪಕ್ಕದಲ್ಲೇ ಇದ್ದವು. ಎರಡನೆಯ ಟ್ಯೂಬ್ ಕೊಡುವಾಗ ಅದನ್ನು ಯಾರಾದರೂ ಗಮನಿಸಿದ್ದರೆ ಮುಂದಿನ ಎರಡು ವಾರದ ಹಾನಿ ತಪ್ಪುತ್ತಿತ್ತು. ಆ ಎರಡು ವಾರಗಳ ಬಗ್ಗೆ ನನಗೆ ಈಗಲೂ ನೋವಿದೆ.

ಆಮೇಲೆ ಕೇಳಿದೆ: “ಜೆಲ್ ಯಾವಾಗ ಹಚ್ಚುವುದು?”

“ನೀವು ಹೇಳಿದ ಹಾಗೆಯೇ ಅಕ್ಕಾ. ಮಲಗುವ ಮೊದಲು.”

“ಮಲಗುವುದು ಎಷ್ಟು ಹೊತ್ತಿಗೆ?”

“ಆಟ ಇಲ್ಲದಿದ್ದರೆ ಹನ್ನೊಂದು. ಆಟ ಉಂಟಾದರೆ ಬೆಳಿಗ್ಗೆ ಆರೂವರೆ, ಏಳು.”

ಅವನು ಯಕ್ಷಗಾನಕ್ಕೆ ಹೋಗುತ್ತಾನೆ ಎಂಬುದು ನನಗೆ ತಿಳಿದದ್ದೇ ಆಗ. ಆಟದ ದಿನದ ಅವನ ಕ್ರಮ ಹೀಗಿತ್ತು. ಸಂಜೆ ಚೌಕಿಯಲ್ಲಿ, ಎಂದರೆ ವೇಷ ಕಟ್ಟುವ ಕೋಣೆಯಲ್ಲಿ, ಎರಡೆರಡು ಬಾರಿ ಕ್ಷೌರ, ಎಣ್ಣೆ, ಬಣ್ಣ. ರಾತ್ರಿಯಿಡೀ ವೇಷ. ಬೆಳಗಿನ ಜಾವ ತೆಂಗಿನೆಣ್ಣೆ ಸುರಿದು ಒರಟು ಬೈರಾಸಿನಿಂದ (ಟವೆಲ್ಲಿನಿಂದ) ತಿಕ್ಕಿ ಬಣ್ಣ ಬಿಡಿಸುವುದು, ಉಳಿದ ಜಿಡ್ಡು ಹೋಗಲೆಂದು ಸ್ನಾನದ ಸಾಬೂನಿನಿಂದ ಮೂರು ಬಾರಿ ತೊಳೆಯುವುದು. ಮನೆಗೆ ಬಂದು, ಚರ್ಮದ ಮೇಲ್ಪದರ ಬ್ಲೇಡಿಗೂ ಬಟ್ಟೆಗೂ ಸಾಬೂನಿಗೂ ಸಿಕ್ಕಿ ತೆಳುವಾಗಿರುವ ಆ ಹೊತ್ತಿನಲ್ಲಿ, ಇನ್ನೂ ಒದ್ದೆಯಿರುವ ಮುಖಕ್ಕೆ ಜೆಲ್ ದಪ್ಪಗೆ ಹಚ್ಚಿ ಮಲಗುವುದು. ಒದ್ದೆ ಚರ್ಮ ಈ ಔಷಧವನ್ನು ಇನ್ನಷ್ಟು ಹೀರುತ್ತದೆ, ಉರಿಯೂ ಹೆಚ್ಚುತ್ತದೆ. ಹತ್ತು ಗಂಟೆಗೆ ಎದ್ದು, ಮುಖ ತೊಳೆಯದೆ, ಬೈಕಿನಲ್ಲಿ ಬಿಸಿಲಿಗೆ ಇಳಿಯುವುದು. ಆಟವಿಲ್ಲದ ದಿನಗಳಲ್ಲಿ ರಾತ್ರಿಯ ಜೊತೆಗೆ ಬೆಳಿಗ್ಗೆಯೂ ಒಂದು ಸಲ, ಬೇಗ ಹೋಗಲಿ ಎಂದು.

ಆಟದ ದಿನಗಳಲ್ಲಂತೂ ನಾನು ಹೇಳಿದ ಮಾತನ್ನು ಅವನು ಅಕ್ಷರಶಃ ಪಾಲಿಸಿದ್ದ. ರಾತ್ರಿ ಹಚ್ಚಿ ಎನ್ನುವುದಕ್ಕೆ ಕಾರಣಗಳಿವೆ: ರೆಟಿನಾಯ್ಡ್ ಹಚ್ಚಿದ ಚರ್ಮ ಬಿಸಿಲಿಗೆ ಬೇಗ ಕೆಂಪಾಗಿ ಕಪ್ಪಾಗುತ್ತದೆ, ರಾತ್ರಿಯಾದರೆ ಬಿಸಿಲು, ಬೆವರು, ಧೂಳು ಇಲ್ಲದೆ ಏಳೆಂಟು ಗಂಟೆ ಸಿಗುತ್ತದೆ. ಬೆಳಿಗ್ಗೆ ಏಳಕ್ಕೆ ಮಲಗುವವನಿಗೆ ‘ಮಲಗುವ ಮೊದಲು’ ಎಂದರೆ ಈ ಕಾರಣಗಳೆಲ್ಲ ತಲೆಕೆಳಗಾಗುತ್ತವೆ. ರಾತ್ರಿ ಪಾಳಿಯ ನರ್ಸುಗಳು, ಮಲ್ಪೆಯಲ್ಲಿ ಬೋಟಿಗೆ ಹೋಗುವವರು, ಬೇಕರಿಯ ಹುಡುಗರು ಎಲ್ಲರೂ ನನ್ನ ಅಂಗಡಿಗೆ ಬರುತ್ತಾರೆ. ಅವರಲ್ಲಿ ಎಷ್ಟು ಮಂದಿಗೆ ನಾನು ಈ ಮಾತನ್ನು ಯೋಚಿಸದೆ ಹೇಳಿ ಕಳಿಸಿದ್ದೇನೋ ಎಂದು ಅಂದು ಬಹಳ ಹೊತ್ತು ಯೋಚಿಸಿದೆ.

ಬಿಳಿ ಕ್ರೀಮು ಬಂದದ್ದು ಚೌಕಿಯಿಂದ. ಮೂರನೆಯ ವಾರ ಬಣ್ಣ ಹಚ್ಚುವಾಗ ಉರಿ ತಡೆಯಲಾರದೆ ಅವನ ಕಣ್ಣಲ್ಲಿ ನೀರು ಬಂದಾಗ, ಹಿರಿಯ ಜೊತೆಗಾರರೊಬ್ಬರು ತಮ್ಮ ಪೆಟ್ಟಿಗೆಯಿಂದ ತೆಗೆದು, ಇದನ್ನು ಹಚ್ಚು, ತಣ್ಣಗಾಗುತ್ತದೆ ಎಂದು ಪ್ರೀತಿಯಿಂದಲೇ ಕೊಟ್ಟಿದ್ದರು. ಎರಡೇ ದಿನದಲ್ಲಿ ಕೆಂಪು ಇಳಿಯಿತು, ಮುಖ ಬೆಳ್ಳಗೂ ಕಂಡಿತು. ಸ್ಟೀರಾಯ್ಡ್ ಮಾಡುವುದೇ ಅದನ್ನು: ಉರಿಯೂತವನ್ನು ಅದುಮುತ್ತದೆ. ಉರಿ ನಿಂತಿತೆಂದು ಅವನು ಜೆಲ್ಲನ್ನು ಹಿಂದಿನಂತೆಯೇ ದಪ್ಪಗೆ ಹಚ್ಚುವುದನ್ನು ಮುಂದುವರಿಸಿದ. ಸಾಕು ನಿಲ್ಲಿಸು ಎಂದು ಚರ್ಮ ಕೊಡುತ್ತಿದ್ದ ಸೂಚನೆಯನ್ನು ಒಂದು ಔಷಧ ಮುಚ್ಚಿಹಾಕಿತು, ಇನ್ನೊಂದು ಔಷಧ ಅದರ ಮರೆಯಲ್ಲಿ ಹಾನಿ ಮಾಡುತ್ತಾ ಹೋಯಿತು. ಹೀಗೆ 12 ದಿನ ನಡೆದಿತ್ತು. ಇಂಥ ಸ್ಟೀರಾಯ್ಡನ್ನು ಮುಖಕ್ಕೆ ತಿಂಗಳುಗಟ್ಟಲೆ ಹಚ್ಚಿದವರಲ್ಲಿ ಚರ್ಮ ತೆಳುವಾಗಿ ರಕ್ತನಾಳಗಳು ಎದ್ದು ಕಾಣುತ್ತವೆ, ಬಿಟ್ಟ ಕೂಡಲೇ ಮುಖ ಉರಿದು ಕೆಂಪಾಗುತ್ತದೆ, ಉರಿ ತಾಳದೆ ಮತ್ತೆ ಅದನ್ನೇ ಹಚ್ಚುವಂತಾಗುತ್ತದೆ. ಹಚ್ಚುವ ಸ್ಟೀರಾಯ್ಡುಗಳನ್ನು 2018ರಲ್ಲಿ ಕೇಂದ್ರ ಸರ್ಕಾರ ಷೆಡ್ಯೂಲ್ ಎಚ್‌ಗೆ ಸೇರಿಸಿ ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದು ಮಾಡಿದ್ದು ಈ ಕಾರಣಕ್ಕಾಗಿಯೇ. ಆದರೂ ಆ ಪೆಟ್ಟಿಗೆ ಅವರಿಗೆ ಯಾವುದೋ ಕೌಂಟರಿನಲ್ಲಿ ಸಿಕ್ಕಿತ್ತು.

ಇಷ್ಟೆಲ್ಲ ಆದ ಮೇಲೂ ಅವನನ್ನು ಹೆಚ್ಚು ಕಾಡುತ್ತಿದ್ದದ್ದು ತಂಡದ ಒಂದು ಕುಪ್ಪಸ. ಕಡುಗೆಂಪು ಕುಪ್ಪಸದ ಕತ್ತಿನ ಅಂಚು ಕಿತ್ತಳೆ ಬಣ್ಣಕ್ಕೆ ತಿರುಗಿತ್ತು, ತಲೆದಿಂಬಿನ ನೀಲಿ ಕವರಿನಲ್ಲಿ ಬಿಳಿ ಮಚ್ಚೆಗಳಾಗಿದ್ದವು. ಬಟ್ಟೆಯ ಬಣ್ಣ ತೆಗೆಯುವ ವಸ್ತು ಮುಖಕ್ಕೆ ಏನು ಮಾಡೀತು ಎಂದು ತಾಯಿ ಹೆದರಿದ್ದರು. ಬೆಂಜಾಯಿಲ್ ಪೆರಾಕ್ಸೈಡ್ ಬಣ್ಣದ ಬಟ್ಟೆಯನ್ನು ಬಿಳಿಚಿಸುವುದು ನಿಜ. ಅದು ಚರ್ಮದ ಸಹಜ ಬಣ್ಣವನ್ನು ಹಾಗೆ ತೆಗೆಯುವುದಿಲ್ಲ. ಬಿಳಿ ತಲೆದಿಂಬು, ಬಿಳಿ ಬೈರಾಸು ಬಳಸಿ, ಜೆಲ್ ಪೂರ್ತಿ ಒಣಗಿದ ಮೇಲೆ ಮಲಗಿದರೆ ಸಾಕು ಎಂಬ ಒಂದು ಮಾತನ್ನು ನವೆಂಬರಿನಲ್ಲೇ ಹೇಳಿದ್ದರೆ ಆ ಕುಪ್ಪಸ ಉಳಿಯುತ್ತಿತ್ತು.

ನಾನು ಅಲ್ಲಿಂದಲೇ ಚರ್ಮರೋಗ ತಜ್ಞೆಗೆ ಫೋನು ಮಾಡಿದೆ. ಮರುದಿನ ಅವರು ಅವನನ್ನು ನೋಡಿದರು. ಜೆಲ್ಲನ್ನೂ ಬಿಳಿ ಕ್ರೀಮನ್ನೂ ಅಂದೇ ನಿಲ್ಲಿಸಲಾಯಿತು. ಸ್ಟೀರಾಯ್ಡ್ ಬಿಟ್ಟ ಮೇಲೆ ನಾಲ್ಕೈದು ದಿನ ಕೆಂಪು ಮರುಕಳಿಸಬಹುದು, ಹೆದರಿ ಮತ್ತೆ ಹಚ್ಚಬಾರದು ಎಂದು ಅವರು ತಾಯಿ ಮಗ ಇಬ್ಬರಿಗೂ ಹೇಳಿದರು. ಹಾಗೆಯೇ ಆಯಿತು, ಮೂರನೆಯ ದಿನ ಮುಖ ಕೆಂಡದಂತಾಗಿದೆ ಎಂದು ಅವನು ಕರೆ ಮಾಡಿದ, ಆರನೆಯ ದಿನಕ್ಕೆ ಇಳಿಯಿತು. ಎರಡು ವಾರ ಮುಖಕ್ಕೆ ಮೃದುವಾದ ಫೇಸ್‌ವಾಶ್, ದಿನಕ್ಕೆ ಮೂರು ಬಾರಿ ಮಾಯಿಶ್ಚರೈಸರ್, ಹಗಲಿಗೆ ಎಸ್‌ಪಿಎಫ್ 30ರ ಸನ್‌ಸ್ಕ್ರೀನ್, ಇಷ್ಟೇ. ನಿಂಬೆರಸ, ಕಡಲೆಹಿಟ್ಟು, ಅರಿಸಿನ, ಸ್ಕ್ರಬ್ ಯಾವುದೂ ಇಲ್ಲ. ನಮ್ಮ ಊರಿನ ಸೆಕೆಯಲ್ಲಿ ಮಾಯಿಶ್ಚರೈಸರ್ ಏಕೆ ಎಂದು ಅವನೊಬ್ಬನೇ ಅಲ್ಲ, ಬಹುತೇಕ ಎಲ್ಲರೂ ಕೇಳುತ್ತಾರೆ. ಮುಖದ ಮೇಲಿನ ಜಿಡ್ಡು ಬೇರೆ, ಚರ್ಮದೊಳಗಿನ ನೀರು ಬೇರೆ. ರೆಟಿನಾಯ್ಡಿನಿಂದ ಮೇಲ್ಪದರ ಸಡಿಲವಾದಾಗ ಒಳಗಿನ ನೀರು ಹಾರಿಹೋಗುತ್ತದೆ, ಹೊರಗೆ ಎಷ್ಟು ಬೆವರಿದರೂ ಅದು ತುಂಬಿಬರುವುದಿಲ್ಲ.

ಆ ಎರಡು ವಾರದಲ್ಲಿ ಅವನಿಗೆ ಮೊದಲ ಸಲ ಸಿಕ್ಕಿದ್ದ ಅಂಬೆಯ ವೇಷ ಕೈತಪ್ಪಿತು. ಬಣ್ಣ ಹಚ್ಚಲೇಬಾರದು ಎಂದು ವೈದ್ಯೆ ಖಡಾಖಂಡಿತವಾಗಿ ಹೇಳಿದ್ದರು. ಅವನ ಪಾಲಿಗೆ ಮುಖದ ಉರಿಗಿಂತ ಇದು ದೊಡ್ಡ ನಷ್ಟವಾಗಿತ್ತು, ಅದನ್ನು ಅವನು ನನ್ನೆದುರು ಮುಚ್ಚಿಡಲೂ ಇಲ್ಲ. ಚಿಕಿತ್ಸೆಯ ಲೆಕ್ಕದಲ್ಲಿ ಎಲ್ಲೂ ಬರೆಯದ ಈ ಬಗೆಯ ನಷ್ಟವನ್ನು ನಾವು ಲೆಕ್ಕಕ್ಕೆ ಹಿಡಿಯಬೇಕೆಂದು ನನಗೆ ಅನಿಸುತ್ತದೆ, ಏಕೆಂದರೆ ಔಷಧ ಬಿಡಿ ಎಂದೋ ವೇಷ ಬಿಡಿ ಎಂದೋ ಹೇಳುವುದು ಸುಲಭ. ಎರಡೂ ಉಳಿಯುವಂತೆ ದಾರಿ ಹುಡುಕಿದರೆ ಮಾತ್ರ ಹುಡುಗ ಚಿಕಿತ್ಸೆಯಲ್ಲಿ ಉಳಿಯುತ್ತಾನೆ.

ಜನವರಿ ಮೊದಲ ವಾರ ಜೆಲ್ ಮತ್ತೆ ಶುರುವಾಯಿತು. ತಂಡದ ಆಟಗಳು ಹೆಚ್ಚಾಗಿ ಶನಿವಾರ ಇರುವುದರಿಂದ ವೈದ್ಯೆ ವಾರವನ್ನೇ ಅದಕ್ಕೆ ತಕ್ಕಂತೆ ಹಂಚಿದರು. ಮೊದಲ ಎರಡು ವಾರ ಸೋಮವಾರ ಮತ್ತು ಬುಧವಾರ ಮಾತ್ರ, ಅದೂ ಅರ್ಧ ಗಂಟೆ ಇಟ್ಟುಕೊಂಡು ತೊಳೆದುಬಿಡುವುದು. ಮುಂದಿನ ಎರಡು ವಾರ ಅವೇ ಎರಡು ದಿನ, ರಾತ್ರಿಯಿಡೀ. ತಡೆದುಕೊಂಡರೆ ಐದನೆಯ ವಾರದಿಂದ ಸೋಮವಾರದಿಂದ ಗುರುವಾರದವರೆಗೆ ನಾಲ್ಕು ರಾತ್ರಿ. ಶುಕ್ರವಾರ, ಶನಿವಾರ, ಭಾನುವಾರ ಜೆಲ್ ಮುಟ್ಟುವಂತಿಲ್ಲ. ವಾರದ ನಡುವೆ ಆಟ ಬಂದರೆ ಹಿಂದಿನ ರಾತ್ರಿ, ಆ ರಾತ್ರಿ, ಮರುದಿನದ ರಾತ್ರಿ ಬಿಡಬೇಕು. ಬಿಟ್ಟದ್ದಕ್ಕೆ ಬದಲಾಗಿ ಇನ್ನೊಂದು ದಿನ ಎರಡು ಬಾರಿ ಹಚ್ಚಬಾರದು. ‘ಮಲಗುವ ಮೊದಲು’ ಎಂಬ ಮಾತನ್ನು ಚೀಟಿಯಿಂದ ತೆಗೆದು ವೈದ್ಯೆ ‘ರಾತ್ರಿ 10ಕ್ಕೆ’ ಎಂದು ಕನ್ನಡದಲ್ಲಿ ಬರೆದರು.

ಹಚ್ಚುವ ವಿಧಾನವನ್ನು ಈ ಸಲ ನಾನು ಕೌಂಟರಿನ ಹಿಂದಿನ ಕನ್ನಡಿಯ ಮುಂದೆ, ಬರಿಯ ಮಾಯಿಶ್ಚರೈಸರ್ ಬಳಸಿ ತೋರಿಸಿದೆ. ಮುಖ ತೊಳೆದು ಒತ್ತಿ ಒರೆಸಿ 20 ನಿಮಿಷ ಬಿಡಬೇಕು. ಮೂಗಿನ ಮಡಿಕೆಗೆ, ತುಟಿಯ ಅಂಚಿಗೆ, ಕಣ್ಣಿನ ಮೂಲೆಗೆ ವ್ಯಾಸಲೀನ್ ಸವರಿ ಕಾಯಬೇಕು, ಜೆಲ್ ಜಾರಿ ಬಂದು ನಿಲ್ಲುವುದು ಅಲ್ಲಿಯೇ. ಬಟಾಣಿಯಷ್ಟನ್ನು ಬೆರಳ ತುದಿಗೆ ತೆಗೆದು ಹಣೆ, ಎರಡು ಕೆನ್ನೆ, ಮೂಗು, ಗಲ್ಲಕ್ಕೆ ಐದು ಚುಕ್ಕೆ ಇಟ್ಟು, ಕಾಣದಷ್ಟು ತೆಳುವಾಗಿ ಹರಡಬೇಕು. ಬಿಳಿ ಪದರ ಕಾಣುತ್ತಿದ್ದರೆ ಹೆಚ್ಚಾಯಿತೆಂದು ಅರ್ಥ. ಕೈ ತೊಳೆಯಬೇಕು. ಜೆಲ್ ಒಣಗಿದ ಮೇಲೆ ಮಾಯಿಶ್ಚರೈಸರ್, ಉರಿ ಬರುವವರಿಗೆ ಜೆಲ್ಲಿಗೆ ಮೊದಲೂ ಒಂದು ಪದರ. ಕ್ಷೌರ ಬೆಳಿಗ್ಗೆಯೇ ಆಗಬೇಕು, ಹೊಸ ಬ್ಲೇಡು, ನೊರೆ, ಕೂದಲು ಬೆಳೆದ ದಿಕ್ಕಿಗೇ. ಹುಬ್ಬು ತಿದ್ದುವುದಕ್ಕೆಂದು ಅವನು ಒಮ್ಮೆ ವ್ಯಾಕ್ಸಿಂಗ್ ಮಾಡಿಸಿಕೊಂಡಿದ್ದನಂತೆ. ರೆಟಿನಾಯ್ಡ್ ಹಚ್ಚುವ ಚರ್ಮಕ್ಕೆ ವ್ಯಾಕ್ಸ್ ಹಾಕಿ ಕಿತ್ತರೆ ಕೂದಲಿನ ಜೊತೆ ಚರ್ಮದ ಪದರವೇ ಏಳುತ್ತದೆ, ಅದು ಪೂರ್ತಿ ನಿಷಿದ್ಧ. ಟ್ಯೂಬನ್ನು ಬೈಕಿನ ಬಾಕ್ಸಿನಲ್ಲಿ ಇಡುವ ಅಭ್ಯಾಸವನ್ನೂ ಬಿಡಿಸಿದೆ. ಪೆರಾಕ್ಸೈಡ್ ಬಿಸಿಗೆ ಕೆಡುವ ವಸ್ತು.

ಬಣ್ಣದ ವಿಷಯದಲ್ಲಿ ವೈದ್ಯೆ ತೋರಿದ ವಿವೇಕ ನನಗೆ ಮೆಚ್ಚುಗೆಯಾಯಿತು. ತೆಂಗಿನೆಣ್ಣೆಯನ್ನು ಅವರು ಒಂದೇ ಮಾತಿಗೆ ನಿಷೇಧಿಸಲಿಲ್ಲ. ಎಣ್ಣೆಯಲ್ಲಿ ಕಲಸಿದ ಬಣ್ಣ ಎಣ್ಣೆಗೇ ಬಿಡುವುದು, ಸಾಬೂನಿನಲ್ಲಿ ತಿಕ್ಕಿದರೆ ಬಣ್ಣಕ್ಕಿಂತ ಮೊದಲು ಚರ್ಮ ಸುಲಿದೀತು. ಬಣ್ಣಕ್ಕೆ ಮೊದಲು ಸವರುವ ಎಣ್ಣೆಯ ಬದಲು ಮಾಯಿಶ್ಚರೈಸರ್ ಹಚ್ಚಿ ಕಾಲು ಗಂಟೆ ಬಿಡಲು ಹೇಳಿದರು. ಬಣ್ಣ ಬಿಡಿಸಲು ಎಣ್ಣೆ ಇರಲಿ, ಆದರೆ ಬೈರಾಸಿನ ಬದಲು ಹತ್ತಿ ಅಥವಾ ಹಳೆಯ ಪಂಚೆಯ ಮೆದು ತುಂಡು, ತಿಕ್ಕದೆ ಎಣ್ಣೆಯನ್ನು ಎರಡು ನಿಮಿಷ ನೆನೆಯಲು ಬಿಟ್ಟು ಒರೆಸುವುದು, ಕೂಡಲೇ ಫೇಸ್‌ವಾಶಿನಿಂದ ಎರಡು ಬಾರಿ ತೊಳೆದು ಎಣ್ಣೆಯ ಅಂಶ ಉಳಿಯದಂತೆ ಮಾಡುವುದು. ಚೌಕಿಯ ಹಿರಿಯರು ಮೊದಲು ಒಪ್ಪಲಿಲ್ಲ, ಎಣ್ಣೆಯಿಲ್ಲದೆ ಬಣ್ಣ ಕೂರುವುದಿಲ್ಲ ಎಂದರು. ಎರಡು ಆಟ ಕಳೆದ ಮೇಲೆ ಯಾರೂ ಏನೂ ಹೇಳಲಿಲ್ಲ.

ಮರು ಆರಂಭದ ನಾಲ್ಕನೆಯ ವಾರ ಗಲ್ಲದಲ್ಲಿ ಒಮ್ಮೆಲೇ ಏಳೆಂಟು ಮೊಡವೆ ಎದ್ದವು. ತಾಯಿ ನನಗೆ ಫೋನು ಮಾಡಿ, “ಇದು ಪುನಃ ಅದೇ ಆಯ್ತಲ್ಲ, ನಿಲ್ಲಿಸುವುದಾ?” ಎಂದರು. ಮುಚ್ಚಿದ್ದ ಬೆಣೆಗಳು ಸಡಿಲವಾಗಿ ಒಟ್ಟಿಗೆ ಮೇಲೆ ಬರುವ ಈ ಹಂತ ಹಲವರಲ್ಲಿ ಕಾಣಿಸುತ್ತದೆ, ಕೆಲವು ವಾರಗಳಲ್ಲಿ ತಗ್ಗುತ್ತದೆ. ಆದರೂ ಫೋನಿನಲ್ಲಿ ಕೇಳಿ ಧೈರ್ಯ ಹೇಳಲು ನನಗೆ ಮನಸ್ಸಾಗಲಿಲ್ಲ. ಅವನನ್ನು ಬರಹೇಳಿ ನೋಡಿದೆ, ಚಿತ್ರವನ್ನು ವೈದ್ಯೆಗೆ ಕಳಿಸಿದೆ. ಉರಿಯಿಲ್ಲ, ಸಿಪ್ಪೆ ಅತಿ ಕಡಿಮೆ, ಒಂದೇ ಗಾತ್ರದ ಗುಳ್ಳೆಗಳ ಸಾಲು ಮಾಯವಾಗಿದೆ. ಮುಂದುವರಿಸಿ ಎಂದು ಅವರು ಉತ್ತರಿಸಿದರು.

12ನೇ ವಾರಕ್ಕೆ, ಮಾರ್ಚ್ ಕೊನೆಯಲ್ಲಿ, ಹಣೆ ಬಹುಮಟ್ಟಿಗೆ ತಿಳಿಯಾಗಿತ್ತು. ಕೆನ್ನೆಯಲ್ಲಿ ಹೊಸ ಕೆಂಪು ಮೊಡವೆ ವಾರಕ್ಕೆ ಒಂದೋ ಎರಡೋ. ಹೋಗದೆ ಉಳಿದದ್ದು ಕಪ್ಪು ಕಲೆಗಳು. ನಮ್ಮ ಮೈಬಣ್ಣದವರಲ್ಲಿ ಯಾವುದೇ ಉರಿಯೂತ ಮಾಗುವಾಗ ಕಲೆ ಬಿಟ್ಟುಹೋಗುತ್ತದೆ, ಅದು ಮಾಸಲು ತಿಂಗಳುಗಳೇ ಬೇಕು. ಕೆನ್ನೆಯ ಮೂಳೆಯ ಮೇಲಿನ ಕಪ್ಪು ಮೊಡವೆಯಿಂದ ಬಂದದ್ದಲ್ಲ, ನವೆಂಬರ್ ಡಿಸೆಂಬರಿನ ಆ 33 ದಿನಗಳದ್ದು. ಅದನ್ನು ನೋಡಿದಾಗಲೆಲ್ಲ ನನಗೆ ಆ ಸಂಜೆಯ ಕೌಂಟರ್ ನೆನಪಾಗುತ್ತದೆ.

ಈಗ ನಮ್ಮಲ್ಲಿ ಇಂಥ ಜೆಲ್ ಕೊಡುವಾಗ ಮೊದಲು ಕೇಳುವುದು ನೀವು ಎಷ್ಟು ಹೊತ್ತಿಗೆ ಮಲಗುತ್ತೀರಿ, ಎಷ್ಟು ಹೊತ್ತಿಗೆ ಬಿಸಿಲಿಗೆ ಹೋಗುತ್ತೀರಿ, ಮುಖಕ್ಕೆ ಬೇರೆ ಏನೇನು ಹಚ್ಚುತ್ತೀರಿ ಎಂದು. ಹೆಣ್ಣುಮಕ್ಕಳಾದರೆ ಗರ್ಭಿಣಿಯೇ, ಮಗುವಿಗಾಗಿ ಪ್ರಯತ್ನಿಸುತ್ತಿದ್ದೀರೇ ಎಂದು ಮೆಲ್ಲನೆ ಕೇಳುತ್ತೇವೆ, ಏಕೆಂದರೆ ಗರ್ಭಾವಸ್ಥೆಯಲ್ಲಿ ರೆಟಿನಾಯ್ಡ್ ಹಚ್ಚಬಾರದು. ಹೌದು ಎಂದರೆ ಟ್ಯೂಬ್ ಕೊಡದೆ ವೈದ್ಯರಿಗೆ ತಿಳಿಸುತ್ತೇವೆ. ಮುಟ್ಟು ತಪ್ಪುತ್ತಾ ದವಡೆಯ ಅಂಚಿನಲ್ಲೇ ಮೊಡವೆ ಏಳುತ್ತಿದ್ದರೆ ಅದನ್ನೂ ವೈದ್ಯರಿಗೆ ಹೇಳಿ ಎನ್ನುತ್ತೇವೆ. ಪೆಟ್ಟಿಗೆಯ ಮೇಲೆ ಕೊಟ್ಟ ದಿನಾಂಕವನ್ನೂ, ಇದು ಎಷ್ಟು ದಿನಕ್ಕೆ ಬರಬೇಕು ಎಂಬುದನ್ನೂ ಪೆನ್ನಿನಲ್ಲಿ ಬರೆಯುತ್ತೇವೆ. ಅಮೆರಿಕದಲ್ಲಿ 2016ರಿಂದ ಶೇ 0.1ರ ಅಡಾಪಲೀನ್ ಚೀಟಿಯಿಲ್ಲದೆ ಸಿಗುತ್ತದಂತೆ, ಇಲ್ಲೇಕೆ ಚೀಟಿ ಕೇಳುತ್ತೀರಿ ಎಂದು ಕೆಲವರು ವಾದಿಸುತ್ತಾರೆ. ಅಲ್ಲಿ ಸಿಗುವುದು ನಿಜ. ಇಲ್ಲಿ ಅದೇ ಕಪಾಟಿನ ಪಕ್ಕದ ಸಾಲಿನಲ್ಲಿ ಬಿಳಿ ಕ್ರೀಮೂ ಇದೆ ಎಂಬುದನ್ನು ನಾನು ಅವರಿಗೆ ತೋರಿಸುತ್ತೇನೆ.

ಮೇ ಕೊನೆಯಲ್ಲಿ ಬರುವ ಪತ್ತನಾಜೆ ಕಳೆದು ಯಕ್ಷಗಾನ ಮೇಳಗಳು ವರ್ಷದ ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚಿದ ವಾರ ಅವನು ಮೂರನೆಯ ಟ್ಯೂಬನ್ನು ತೋರಿಸಲು ತಂದಿದ್ದ. ಜನವರಿಯಲ್ಲಿ ತೆರೆದ ಅದರ ಬುಡದಲ್ಲಿ ಇನ್ನೂ ಒಂದು ವಾರಕ್ಕಾಗುವಷ್ಟು ಜೆಲ್ ಉಳಿದಿತ್ತು. ಮಳೆಗಾಲದಲ್ಲಿ ಆಟವಿಲ್ಲ, ಮೊಡವೆಯೂ ಇಳಿದಿದೆ, ಬಿಡಲೇ ಎಂದು ಅವನು ವೈದ್ಯೆಯನ್ನು ಕೇಳಿದ್ದ. ಬಿಟ್ಟರೆ ಬೆಣೆಗಳು ಮತ್ತೆ ಕಟ್ಟಿಕೊಳ್ಳುತ್ತವೆ, ನಾಲ್ಕು ರಾತ್ರಿಯನ್ನು ಮೂರಕ್ಕೆ ಇಳಿಸಿ ಮುಂದುವರಿಸು ಎಂದು ಅವರು ಹೇಳಿದ್ದಾರೆ. ನಾಲ್ಕನೆಯ ಟ್ಯೂಬಿನ ಪೆಟ್ಟಿಗೆಯ ಮೇಲೆ ನಾನು ಬರೆದುಕೊಟ್ಟೆ: ಸೋಮ, ಬುಧ, ಗುರು, ರಾತ್ರಿ 10.